ಹೆದ್ದಾರಿ ತಪಾಸಣೆಗೆ ಟ್ಯಾಬ್ಲೆಟ್ ಬರಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಘಾಟಿಯಲ್ಲಿ ಮುಂಗಾರಿನ ಕಾಲಕ್ಕೆ ರಸ್ತೆಯ ಸ್ಥಿತಿಯನ್ನು ಪರೀಕ್ಷಿಸಲು ಬಂದ ಸಿಬ್ಬಂದಿಯವರು ಗುಂಡಿಯ ಅಳತೆಯನ್ನೂ ಕಟ್ಟಿಕೊಂಡ ಮೋರಿಯ ಸ್ಥಾನವನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತಿರುವಾಗಲೇ, ಮಳೆಹನಿ ಬಿದ್ದು ಶಾಯಿ ಕದಡಿ ಅಂಕಿಗಳು ಅಳಿಸಿಹೋದುದನ್ನು ಕಣ್ಣಾರೆ ಕಂಡು ಈ ಪತ್ರವನ್ನು ಬರೆಯುತ್ತಿದ್ದೇನೆ. ಅದೇ ವಿವರವನ್ನು ಟ್ಯಾಬ್ಲೆಟ್ಟಿನಲ್ಲಿ ದಾಖಲಿಸಿದರೆ, ಛಾಯಾಚಿತ್ರದೊಡನೆ ಉಪಗ್ರಹಸೂಚಿತ ಸ್ಥಾನವೂ ದಿನಾಂಕವೂ ತಾವಾಗಿಯೇ ಸೇರಿಕೊಂಡು, ಯಾವ ಕಿಲೋಮೀಟರಿನ ಯಾವ ಮೋರಿಯೆಂಬ ಸಂದೇಹಕ್ಕೆ ಆಸ್ಪದವಿಲ್ಲದಂತಾಗುವುದಲ್ಲದೆ, ದುರಸ್ತಿಯ ತರುವಾಯ ತೆಗೆದ ಚಿತ್ರದೊಡನೆ ಹೋಲಿಸಿ ನೋಡುವುದೂ ಸುಲಭಸಾಧ್ಯವಾಗುವುದು. ಘಟ್ಟದಲ್ಲಿ ಮೊಬೈಲ್ ಸಂಪರ್ಕ ದುರ್ಲಭವಾದುದರಿಂದ, ಮಾಹಿತಿಯನ್ನು ತಮ್ಮಲ್ಲಿಯೇ ಉಳಿಸಿಕೊಂಡು ಘಟ್ಟದ ಮೇಲಿನ ಕೊಟ್ಟಿಗೆಹಾರವನ್ನೋ ಕೆಳಗಿನ ಉಜಿರೆಯನ್ನೋ ಸೇರಿದ ಮೇಲೆ ರವಾನಿಸುವಂಥ, ಕನ್ನಡದ ನಮೂನೆಗಳುಳ್ಳ, ನೀರು ಸೋಕಿದರೂ ಕೆಡದ ಟ್ಯಾಬ್ಲೆಟ್ಟುಗಳನ್ನು ಸಂಬಂಧಪಟ್ಟ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮುನ್ನವೇ ಒದಗಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಕೊಟ್ಟಿಗೆಹಾರ