ಪತ್ತೇದಾರ, ಮನೋವೈದ್ಯ ಮತ್ತು ಐದು ಮೆಟ್ಟಿಲು

ಚಾಮರಾಜನಗರದಿಂದ ಒಬ್ಬ ತಾತ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಎಂಟನೇ ತರಗತಿ. ಓದಲು ಕೂತರೆ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವಂತೆ. ‘ಇದರಿಂದ ಏನು ಬಂತು?’ ಎಂದು ಹುಡುಗನ ಅಪ್ಪ ವ್ಯಕ್ತಿತ್ವ ವಿಕಸನದ ಎರಡು ದಪ್ಪ ಪುಸ್ತಕ ತಂದು ಮೇಜಿನ ಮೇಲಿಟ್ಟಿದ್ದಾರೆ. ಪಿಯುಸಿ ಓದುವ ಅಕ್ಕ ಮನಃಶಾಸ್ತ್ರದ ಪುಸ್ತಕ ತಂದರೆ ಅಜ್ಜಿಗೆ ಹೆದರಿಕೆ, ತಲೆಕೆಡುವ ಕಾಯಿಲೆಯ ಪುಸ್ತಕ ಮನೆಯಲ್ಲಿದ್ದರೆ ಕಾಯಿಲೆಯೂ ಹಿಂದೆಯೇ ಬರುತ್ತದೆ ಎಂದು. ‘ಮೇಷ್ಟ್ರೇ, ನೀವೇ ಒಂದು ತೀರ್ಮಾನ ಹೇಳಿಬುಡಿ’ ಎಂದು ಪತ್ರ ಮುಗಿಸಿದ್ದಾರೆ.

ತೀರ್ಮಾನ ಹೇಳಲು ನಾನು ಪಂಡಿತನಲ್ಲ, ಗುಂಡ್ಲುಪೇಟೆಯಲ್ಲಿ ಕೂತು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕೈಗೆ ಸಿಕ್ಕಿದ್ದನ್ನು ಓದಿದವನು. ಮೂರು ಬಗೆಯ ಪುಸ್ತಕಗಳೂ ನನ್ನ ಕಪಾಟಿನಲ್ಲಿವೆ. ಅವುಗಳ ಬಗ್ಗೆ ನನಗನಿಸಿದ್ದನ್ನು ಹೇಳುತ್ತೇನೆ.

ಪತ್ತೇದಾರಿಯಿಂದಲೇ ಶುರು ಮಾಡೋಣ. ನಮ್ಮ ಕಾಲದಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳಿದ್ದವು. ದಿನಕ್ಕೆ ಇಷ್ಟು ಪೈಸೆ ಎಂದು ಲೆಕ್ಕ. ಹಾಗಾಗಿ ಎಷ್ಟು ಬೇಗ ಓದಿದರೆ ಅಷ್ಟು ಉಳಿತಾಯ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಾನು ಸಮಾಜ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದ್ದೇನೆ. ಈಗಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನಿಮ್ಮ ತಾತ ಅಜ್ಜಿಯರನ್ನು ಕೇಳಿ, ಕಣ್ಣು ಅರಳುತ್ತದೆ. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ, ಬರೆದ ಕಾದಂಬರಿಗಳು 500ಕ್ಕೂ ಹೆಚ್ಚು. ನವೆಂಬರ್ 1ರಂದು ನೀವು ಹಿಡಿದು ಓಡಾಡುವ ಅರಿಶಿನ ಕುಂಕುಮದ ಬಣ್ಣದ ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ.

ಬಾಡಿಗೆ ಪುಸ್ತಕಕ್ಕೆ ಒಂದು ಶಾಪವಿತ್ತು. ಎಷ್ಟೋ ಸಲ ಕೊನೆಯ ಹಾಳೆ ಹರಿದುಹೋಗಿರುತ್ತಿತ್ತು! ಕೊಲೆಗಾರ ಯಾರೆಂದು ಗೊತ್ತಾಗದೆ ನಾನೂ ನನ್ನ ತಮ್ಮನೂ ರಾತ್ರಿ ಚಾಪೆಯ ಮೇಲೆ ಮಲಗಿ ವಾದ ಮಾಡುತ್ತಿದ್ದೆವು. ಅಡುಗೆಯವನು ಅಂದರೆ ಅವನಿಗೆ ಕಾರಣ ಹೇಳಬೇಕು. ಬರೀ ‘ಅವನ ಮುಖ ನೋಡಿದರೆ ಗೊತ್ತಾಗುತ್ತೆ’ ಅಂದರೆ ತಮ್ಮ ಒಪ್ಪುತ್ತಿರಲಿಲ್ಲ. ನಲವತ್ತನೇ ಪುಟದಲ್ಲಿ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತಲ್ಲ, ಅದಕ್ಕೇನು ಹೇಳುತ್ತೀಯ ಎಂದು ಕೇಳುತ್ತಿದ್ದ. ಆಮೇಲೆ ಅವನು ನಿಜವಾಗಿಯೂ ವಕೀಲನಾದ.

ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ದೆವ್ವಕ್ಕೆ ಜಾಗವಿಲ್ಲ. ದೆವ್ವದಂತೆ ಕಂಡರೂ ಹಿಂದೆ ಯಾವನೋ ಮನುಷ್ಯ ಇರುತ್ತಾನೆ. ಷರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ರಾತ್ರಿ ಬೆಂಕಿಯಂತೆ ಹೊಳೆಯುವ ಭಯಂಕರ ನಾಯಿ ಬರುತ್ತದೆ. ಊರೆಲ್ಲ ಅದನ್ನು ಒಂದು ಮನೆತನದ ಶಾಪ ಅನ್ನುತ್ತದೆ. ಹೊಳಪು ಎಲ್ಲಿಂದ ಬಂತೆಂದು ನಾನು ಹೇಳುವುದಿಲ್ಲ, ಓದುವವರ ಊಟ ಕಿತ್ತುಕೊಂಡ ಹಾಗಾಗುತ್ತದೆ. ಶಾಪದಿಂದಂತೂ ಅಲ್ಲ. ಕೆನೆತ್ ಆಂಡರ್ಸನ್ ಬರೆದ ನರಭಕ್ಷಕಗಳ ಕಥೆಗಳಲ್ಲೂ ಇದೇ ಗುಣ. ಅವನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವಾಗ 27 ತಿರುವಿನ ದಿಂಬಂ ಘಾಟಿ ಸಿಗುತ್ತದಲ್ಲ, ಆ ಕಡೆಯ ಕಾಡಿನಲ್ಲೂ ಆಂಡರ್ಸನ್ ಅಲೆದಿದ್ದಾರೆ. ಹುಲಿ ಸತ್ತ ಮೇಲೆ ಕಥೆ ಮುಗಿಯಿತು ಅನ್ನುವ ಜಾತಿಯ ಬೇಟೆಗಾರ ಅವರಲ್ಲ. ಹಳೆಯ ಗುಂಡಿನ ಗಾಯವೋ, ಮುಳ್ಳುಹಂದಿಯ ಮುಳ್ಳೋ, ಈ ಪ್ರಾಣಿ ಮನುಷ್ಯರ ಮೇಲೆ ಬೀಳಲು ಏನು ಕಾರಣ ಎಂದು ಹುಡುಕುತ್ತಾರೆ. ಈ ಹುಡುಕಾಟ ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ.

ಎಲ್ಲ ರೋಚಕ ಕಾದಂಬರಿಗಳೂ ಹೀಗಿರುವುದಿಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದಾಗ ಊರೂರೇ ಬೆಚ್ಚಿತ್ತು, ಸಿನಿಮಾ ಕೂಡ ಆಯಿತು. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ಮಾಡಿಸುವ ಕಥೆ. ಅದನ್ನು ಬೇರೆ ಊರಿನವರು ಓದುವುದೇ ಬೇರೆ, ನಮ್ಮ ಜಿಲ್ಲೆಯವರು ಓದುವುದೇ ಬೇರೆ. ಯಾವ ಊರಿಗೆ ಹೋಗಿ ‘ಕೊಳ್ಳೇಗಾಲದ ಕಡೆಯವರು’ ಅಂದರೂ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿದು, ‘ಮಾಟ ಮಂತ್ರ ಗೊತ್ತೇನ್ರಿ?’ ಎಂದು ನಗುತ್ತಾರೆ. ರೇಷ್ಮೆ ಸೀರೆಗೆ ಹೆಸರಾದ ಊರಿಗೆ ಈ ಹೆಸರೂ ಅಂಟಿಕೊಂಡಿದೆ. ನಗುವವರಿಗೆ ಅದು ತಮಾಷೆ. ನಮ್ಮ ಮನೆಗಳಲ್ಲಿ ಅದು ಯಾವತ್ತೂ ಬರೀ ತಮಾಷೆಯಾಗಿರಲಿಲ್ಲ.

1979ರಲ್ಲಿ ನಮ್ಮ ಚಿಕ್ಕಮ್ಮನಿಗೆ ಗಂಡು ಮಗು ಹುಟ್ಟಿತು. ಎರಡು ವಾರ ಚೆನ್ನಾಗಿದ್ದರು. ಆಮೇಲೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಬಾಗಿಲ ಬಳಿ ಕೂತು ತಮ್ಮಷ್ಟಕ್ಕೆ ಮಾತಾಡುವುದು, ಮಗುವನ್ನು ಯಾರೋ ಎತ್ತಿಕೊಂಡು ಹೋಗಲು ಬಂದಿದ್ದಾರೆ ಎನ್ನುವುದು, ಒಮ್ಮೊಮ್ಮೆ ಹೆತ್ತ ಮಗುವನ್ನೇ ಗುರುತಿಸದೆ ನೋಡುವುದು. ನೆಂಟರೆಲ್ಲ ಸೇರಿದರು. ಯಾರೋ ಮಾಡಿಸಿದ್ದಾರೆ ಎಂದು ಒಬ್ಬರು ಅಂದದ್ದೇ ತಡ, ಯಾರು ಮಾಡಿಸಿರಬಹುದು ಎಂಬ ಪಟ್ಟಿ ತಯಾರಾಯಿತು. ಅದರಲ್ಲಿ ಪಕ್ಕದ ಮನೆಯ ಬಡ ವಿಧವೆಯ ಹೆಸರು ಮೊದಲನೆಯದು. ಮಾಟ ತೆಗೆಯುವವನ ಬಳಿಗೆ ಹೋಗಲು ಮರುದಿನದ ಗಾಡಿಯೂ ಗೊತ್ತಾಯಿತು.

ಆಗ ಬಾಯಿ ಬಿಟ್ಟವಳು ನಮ್ಮವ್ವ. ಏಳನೇ ತರಗತಿ ಓದಿದವಳು. ‘ಇದು ಮಾಟ ಅಲ್ಲ ಕನಾ, ಬಾಣಂತಿ ಸನ್ನಿ. ನಾನು ಪುಸ್ತಕದಲ್ಲಿ ಓದಿವ್ನಿ’ ಎಂದಳು.

ಆ ಪುಸ್ತಕ ತ್ರಿವೇಣಿಯವರ ‘ಶರಪಂಜರ’. ನಾನು ಪುರುಷೋತ್ತಮನನ್ನು ತರುತ್ತಿದ್ದ ಬಾಡಿಗೆ ಅಂಗಡಿಯಿಂದಲೇ ಅವ್ವ ಅದನ್ನು ತರಿಸಿಕೊಂಡು ಓದಿದ್ದಳು. ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ಕಳೆದುಕೊಂಡು ಮತ್ತೆ ಗುಣವಾಗುವ ಕಾವೇರಿ ಎಂಬ ಹೆಂಗಸಿನ ಕಥೆ ಅದು. ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾವನ್ನು ನಿಮ್ಮ ಅಜ್ಜಿಯರು ನೋಡಿಯೇ ಇರುತ್ತಾರೆ. ಬರೆದವರು 1963ರಲ್ಲಿ, ತಮ್ಮ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 35 ತುಂಬಿರಲಿಲ್ಲ.

ಗಾಡಿ ಬಂತು. ಅವ್ವ ಅದನ್ನು ಬಸ್ ನಿಲ್ದಾಣಕ್ಕೆ ತಿರುಗಿಸಿದಳು. ಮೈಸೂರಿನಲ್ಲಿ ಡಾಕ್ಟರು ನೋಡಿದರು, ಕೆಲವು ವಾರ ಆಸ್ಪತ್ರೆಯಲ್ಲಿಟ್ಟುಕೊಂಡರು, ಮಾತ್ರೆ ಕೊಟ್ಟು ಕಳಿಸಿದರು. ಚಿಕ್ಕಮ್ಮ ಮನೆಗೆ ಬಂದರು.

ಇನ್ನು ಮುಂದಿನದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಕಾದಂಬರಿಯ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಆದರೆ ಮನೆಯವರು, ನೆರೆಯವರು ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ. ಗಂಡನೂ ದೂರವಾಗುತ್ತಾನೆ. ಅದರಿಂದ ಅವಳು ಮತ್ತೆ ಮುರಿದು ಬೀಳುತ್ತಾಳೆ. ಅವ್ವನಿಗೆ ಅದು ಚೆನ್ನಾಗಿ ನೆನಪಿತ್ತು. ಚಿಕ್ಕಮ್ಮ ಬರುವ ಹೊತ್ತಿಗೆ ನೆಂಟರು ಈಳಿಗೆಮಣೆ, ಕುಡುಗೋಲು ಎಲ್ಲ ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರ ಬಾಯಿಂದ ಕೇಳಿಕೊಂಡೇ ಬಂದಿದ್ದ ಅವ್ವ, ಎಲ್ಲರೆದುರೇ ಈಳಿಗೆಮಣೆ ಇಳಿಸಿ, ಸೊಪ್ಪಿನ ಕಂತೆ ಮುಂದಿಟ್ಟು ‘ಹೆಚ್ಚಮ್ಮಿ, ಹೊತ್ತಾಯ್ತು’ ಅಂದಳು. ಚಿಕ್ಕಮ್ಮ ಹೆಚ್ಚಿದರು. ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗಿದರು. ಅವರಿಗೀಗ ಮೊಮ್ಮಕ್ಕಳಿದ್ದಾರೆ. ಪಕ್ಕದ ಮನೆಯ ವಿಧವೆ ಆ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ಒಂದು ವರ್ಷ ಮಾಡಿದರು. ತನ್ನ ಹೆಸರು ಆ ಪಟ್ಟಿಯಲ್ಲಿತ್ತೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆದ್ದರಿಂದ ಚಾಮರಾಜನಗರದ ಆ ಅಜ್ಜಿಯವರಿಗೆ ನನ್ನ ಮಾತು ಇಷ್ಟೆ. ಅಮ್ಮಾ, ಮನಸ್ಸಿನ ಕಾಯಿಲೆಯ ಪುಸ್ತಕ ಮನೆಯಲ್ಲಿರಲಿ. ಡಾ. ಎಂ. ಶಿವರಾಂ ಅವರನ್ನು ನಿಮ್ಮ ವಯಸ್ಸಿನವರು ‘ರಾಶಿ’ ಎಂದು ಬಲ್ಲರು, ‘ಕೊರವಂಜಿ’ ಪತ್ರಿಕೆ ನಡೆಸಿ ನಾಡನ್ನು ನಗಿಸಿದವರು. ಅವರದೇ ‘ಮನಮಂಥನ’ ಮನೋವೈದ್ಯದ ಪುಸ್ತಕ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮೈಮೇಲೆ ದೆವ್ವ ದೇವರು ಬರುವುದನ್ನೇ ಅಧ್ಯಯನ ಮಾಡಿದವರು. ನಮ್ಮಂಥವರಿಗೆ ತಿಳಿಯುವ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಸ್ತಕ ಓದಿ ನಾವೇ ಡಾಕ್ಟರಾಗಬಾರದು, ಅದು ನಿಜ. ನಿದ್ದೆಯಿಲ್ಲದೆ, ಹೆದರಿಕೆಯಿಂದ ಯಾರಾದರೂ ಒದ್ದಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳಿಗೆ ಮನಃಶಾಸ್ತ್ರ ಕಷ್ಟ ಅನಿಸಿದರೆ ನಮ್ಮ ಜಿಲ್ಲೆಯದೇ ಒಂದು ಪಾಠವಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತು ನೀವೆಲ್ಲ ಕೇಳಿದ್ದೀರಿ. ನಂಬುವವರು ಅರಸು, ಗುಂಡೂರಾಯರು, ಹೆಗಡೆ ಎಂದು ಬೆರಳು ಮಡಚುತ್ತಾರೆ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಉದ್ಘಾಟನೆ ನಡೆದದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ! ಈಗ ಪುರುಷೋತ್ತಮನ ಹಾಗೆ ಯೋಚಿಸಿ. ಇತ್ತ ತಲೆಯೇ ಹಾಕದವರ ಕುರ್ಚಿ ಉಳಿದಿದೆಯೇ? ಅವರನ್ನು ಯಾರೂ ಎಣಿಸುವುದಿಲ್ಲ. ಸಿದ್ದರಾಮಯ್ಯನವರು 2013ರಿಂದ 2018ರವರೆಗೆ ಹಲವು ಸಲ ಬಂದು ಹೋಗಿ ಐದು ವರ್ಷ ಪೂರೈಸಿದರು. ನಂಬಿದ್ದಕ್ಕೆ ಹೊಂದುವುದನ್ನು ಮಾತ್ರ ಮನಸ್ಸು ಹೆಕ್ಕಿ ನೆನಪಿಟ್ಟುಕೊಳ್ಳುತ್ತದೆ ಎಂದು ಮನಃಶಾಸ್ತ್ರಜ್ಞರು ದೊಡ್ಡ ಪುಸ್ತಕಗಳಲ್ಲಿ ಬರೆಯುವುದು ಇದನ್ನೇ. ಮಾಟದ ಪಟ್ಟಿ ತಯಾರಾಗುವುದೂ ಹೀಗೆಯೇ.

ಇನ್ನು ಅಪ್ಪ ತಂದಿಟ್ಟ ದಪ್ಪ ಪುಸ್ತಕಗಳು. ತಮಾಷೆಯೆಂದರೆ ‘ತುಳಸಿದಳ’ ಬರೆದು ನಮ್ಮ ನಿದ್ದೆ ಕೆಡಿಸಿದ ಯಂಡಮೂರಿಯವರೇ ಮುಂದೆ ‘ವಿಜಯಕ್ಕೆ ಐದು ಮೆಟ್ಟಿಲು’ ಬರೆದು ಧೈರ್ಯ ಹೇಳಿದರು. ಹೆದರಿಸುವ ವಿದ್ಯೆ ಬಲ್ಲವರಿಗೆ ಹುರಿದುಂಬಿಸುವುದೂ ಬರುತ್ತದೆ ಅನ್ನಿ. ಈ ಬಗೆಯ ಪುಸ್ತಕಗಳ ಬಗ್ಗೆ ನನಗೆ ಪ್ರೀತಿ ಸ್ವಲ್ಪ ಕಡಿಮೆ. ಮೈಸೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಯಾವುದನ್ನೇ ಬಿಡಿಸಿ ನೋಡಿ, ಮೊದಲ ಮೂವತ್ತು ಪುಟ ಪೆನ್ಸಿಲ್ ಗೆರೆಗಳಿಂದ ತುಂಬಿರುತ್ತದೆ, ಆಮೇಲೆ ಹೊಸ ಪುಸ್ತಕದಷ್ಟು ಶುಭ್ರ. ನೀನು ಮನಸ್ಸು ಮಾಡಿದರೆ ಏನು ಬೇಕಾದರೂ ಆಗಬಹುದು ಎನ್ನುವ ಪುಸ್ತಕವನ್ನು ನಮ್ಮ ಚೆಂಡುಹೂ ಬೆಳೆಗಾರನ ಕೈಗೆ ಕೊಟ್ಟು ನೋಡಿ. ಬೆಲೆ ಬಿದ್ದು ಹೂವನ್ನು ಹೊಲದಲ್ಲೇ ಬಿಟ್ಟವನಿಗೆ, ತಪ್ಪು ನಿನ್ನ ಯೋಚನೆಯಲ್ಲೇ ಇತ್ತು ಎಂದು ಹೇಳಿದ ಹಾಗಾಗುತ್ತದೆ. ಕಾರಣ ಹುಡುಕದೆ ಔಷಧಿ ಬರೆಯುವ ಪುಸ್ತಕ ನನಗೆ ರುಚಿಸುವುದಿಲ್ಲ.

ಆದರೂ ಎಲ್ಲವನ್ನೂ ತಳ್ಳಿಹಾಕಲಾರೆ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಪರೀಕ್ಷೆಯ ದಿನಗಳಲ್ಲಿ ಆಸರೆಯಾಗಿದ್ದನ್ನು ಕಂಡಿದ್ದೇನೆ. ನಾಳೆ ಮಾಡಬೇಕಾದ ಒಂದು ಕೆಲಸವನ್ನು ಇಂದು ರಾತ್ರಿ ಚೀಟಿಯಲ್ಲಿ ಬರೆದಿಡುವ ಅಭ್ಯಾಸವನ್ನು ಇಂಥದೇ ಯಾವುದೋ ಪುಸ್ತಕದಿಂದ ಕಲಿತೆ, ಇವತ್ತಿಗೂ ಬಿಟ್ಟಿಲ್ಲ. ಹೀಗೆ ಬಾಳಿ ಎಂದು ಹೇಳುವ ಪುಸ್ತಕ ಹೊಸದೇನೂ ಅಲ್ಲ. ನಮ್ಮ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಮುನ್ನೂರು ವರ್ಷಕ್ಕೂ ಹಿಂದೆ, ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ ಬರೆದಳು. ಹೆಂಡತಿ ಹೇಗಿರಬೇಕು ಎಂದು ಅದರಲ್ಲಿ ಹೇಳಿದ್ದೆಲ್ಲವನ್ನೂ ಇಂದಿನ ಹುಡುಗಿಯರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಹೆತ್ತವಳು ಹೆಣ್ಣು ಎಂಬುದನ್ನು ಮರೆತು ಹೆಣ್ಣನ್ನು ಹಳಿಯುವವರನ್ನು ಅವಳು ಅದೇ ಪುಸ್ತಕದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ.

ತಾತನವರೇ, ನಿಮ್ಮ ಮೊಮ್ಮಗನ ಪುಸ್ತಕ ಕಿತ್ತುಕೊಳ್ಳಬೇಡಿ. ಅವನು ಮುಗಿಸಿದ್ದನ್ನು ನೀವೂ ಓದಿ, ಆದರೆ ಕೊನೆಯ ಹಾಳೆಗೆ ಮುಂಚೆ ನಿಲ್ಲಿಸಿ, ಯಾರು ಕೊಲೆಗಾರ ಎಂದು ಅವನ ಜೊತೆ ವಾದ ಮಾಡಿ. ಅಕ್ಕ ತಂದ ಪುಸ್ತಕವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಅಪ್ಪನ ದಪ್ಪ ಪುಸ್ತಕಗಳನ್ನು ಮೊದಲು ಅಪ್ಪನೇ ಮೂವತ್ತೊಂದನೇ ಪುಟ ದಾಟಲಿ.

ಮಕ್ಕಳಿಗೆ ಈ ತಿಂಗಳ ಕೆಲಸ: ನಿಮ್ಮ ಊರಲ್ಲಿ ಎಲ್ಲರೂ ನಂಬುವ ಒಂದು ಮಾತು ಹಿಡಿದುಕೊಳ್ಳಿ. ಬೆಕ್ಕು ಅಡ್ಡ ಬಂದರೆ, ಹಲ್ಲಿ ಲೊಚಗುಟ್ಟಿದರೆ, ಹೊರಡುವಾಗ ಸೀನಿದರೆ, ಯಾವುದಾದರೂ ಸರಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಆ ಮಾತು ನಿಜವಾದ ದಿನಗಳನ್ನು ಎಡಕ್ಕೆ, ಆಗದ ದಿನಗಳನ್ನು ಬಲಕ್ಕೆ ಬರೆಯಿರಿ. ಮೂವತ್ತು ದಿನವಾದ ಮೇಲೆ ಹಾಳೆಯನ್ನು ನನಗೆ ಕಳಿಸಿ. ಬಲಗಡೆ ಬರೆಯುವುದು ಮರೆತುಹೋಗುತ್ತದೆ, ಅದರ ಮೇಲೆ ಕಣ್ಣಿಡಲು ಅಜ್ಜಿಗೆ ಹೇಳಿ.