ಕೆಂಪು ಬಸ್ಸು ಮತ್ತು ನಾರ್ವೆಯ ಹುಡುಗ



ಈ ಸಲ ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಆಪಾ ತಮ್ಮ ಕಿರಿಯ ಮಗನನ್ನು ಹದಿನೈದು ದಿನ ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದರು. ಎಂಟನೇ ತರಗತಿ ಮುಗಿಸಿದ ಹುಡುಗ. ಮಾತು ಕಡಿಮೆ, ಊಟ ಇನ್ನೂ ಕಡಿಮೆ. ಹಗಲೆಲ್ಲ ಹೇಳಿದ ಕೆಲಸ ಮಾಡಿಕೊಂಡು ಇರುತ್ತಿದ್ದ. ಆದರೆ ರಾತ್ರಿ ಒಂಬತ್ತೂವರೆ ಆಯಿತೆಂದರೆ ದಸ್ತರ್‌ಖಾನ್ ಎತ್ತುವ ಮೊದಲೇ ಮೊಬೈಲ್ ಹಿಡಿದು ಮೂಲೆ ಸೇರಿಬಿಡುತ್ತಿದ್ದ. ಇಣುಕಿ ನೋಡಿದೆ. ಬಸ್ಸು ಓಡಿಸುವ ಆಟ! ಗುಂಡು ಹಾರಿಸುವುದಾಗಲಿ ದುಡ್ಡು ಕಟ್ಟುವುದಾಗಲಿ ಇಲ್ಲ, ಬರೀ ಬಸ್ಸು. ಗೇರ್ ಹಾಕುವುದು, ತಿರುವಿನಲ್ಲಿ ನಿಧಾನ ಮಾಡುವುದು, ಜನರನ್ನು ಹತ್ತಿಸಿಕೊಳ್ಳುವುದು.

ಒಂದು ರಾತ್ರಿ ಗದರಿದೆ. ಎರಡನೇ ರಾತ್ರಿ ಉಪದೇಶ ಮಾಡಿದೆ. ಮೂರನೇ ರಾತ್ರಿ ಮೊಬೈಲ್ ಕಿತ್ತುಕೊಂಡು ಆ ಆಟವನ್ನೇ ಅಳಿಸಿಬಿಟ್ಟೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಬುದ್ಧಿಗಿಂತ ಮೊದಲು ಕೈ ಓಡುತ್ತದೆ. ಹುಡುಗ ಅಳಲಿಲ್ಲ, ಜಗಳವಾಡಲಿಲ್ಲ. ಎದ್ದು ಹೋಗಿ ಮಲಗಿದ. ನಾನು ಗೆದ್ದೆ ಎಂದುಕೊಂಡೆ.

ನಾಲ್ಕು ದಿನ ಕಳೆದ ಮೇಲೆ ಕಾಲೇಜು ಓದುವ ನನ್ನ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. "ಅಮ್ಮಿ, ಬಟ್ಟೆ ಮಡಿಸ್ತಾ ಇದನ್ನ ನೋಡಿ" ಎಂದಳು. ಅದು ನಾರ್ವೆ ದೇಶದ ಒಬ್ಬ ಹುಡುಗನ ಕುರಿತ ಸಾಕ್ಷ್ಯಚಿತ್ರ. ಬೆಂಜಮಿನ್ ರೀ ಎಂಬವರು ನಿರ್ದೇಶಿಸಿದ್ದು. 2024ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, ಅದೇ ವರ್ಷ ನೆಟ್‌ಫ್ಲಿಕ್ಸ್‌ಗೂ ಬಂತು. ಅರ್ಧ ಬಟ್ಟೆ ಮಡಿಸುವಷ್ಟರಲ್ಲಿ ನನ್ನ ಕೈ ನಿಂತುಹೋಯಿತು. ಆ ಹುಡುಗನ ಕಥೆಯನ್ನು ನಿಮಗೆ ಹೇಳದೆ ಇರಲಾರೆ.

ಅವನ ಹೆಸರು ಮಾಟ್ಸ್ ಸ್ಟೀನ್. ಹುಟ್ಟಿದ್ದು 1989ರಲ್ಲಿ. ತಂದೆ ರಾಬರ್ಟ್, ತಾಯಿ ಟ್ರೂಡೆ, ಒಬ್ಬಳು ತಂಗಿ. ನಡೆಯಲು ಕಲಿತ ಮಗು ಪದೇ ಪದೇ ಬೀಳುತ್ತಿತ್ತು. ನಾಲ್ಕು ವರ್ಷದವನಿದ್ದಾಗ ಆಸ್ಲೋ ನಗರದ ಆಸ್ಪತ್ರೆಯಲ್ಲಿ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಶರೀರದಲ್ಲಿ ತಯಾರಾಗದೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುವ ವಂಶವಾಹಿ ರೋಗವಿದು. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರಾಟ ಮತ್ತು ಹೃದಯ. ಮಗ ಇಪ್ಪತ್ತು ದಾಟುವುದು ಕಷ್ಟ ಎಂದು ತಂದೆತಾಯಿಗೆ ತಿಳಿಸಲಾಯಿತು. ಒಂದು ಕ್ಷಣ ಆ ತಾಯಿಯ ಜಾಗದಲ್ಲಿ ನಿಂತು ನೋಡಿ.

ಬಾಲಕನಾಗಿರುವಾಗಲೇ ಮಾಟ್ಸ್ ಗಾಲಿಕುರ್ಚಿ ಸೇರಿದ. ಓರಗೆಯ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರೆ ಇವನಿಗೆ ಉಳಿದದ್ದು ಕಂಪ್ಯೂಟರ್. ದೊಡ್ಡವನಾದ ಮೇಲೆ ಮನೆಯವರು ಅವನಿಗೆ ಅನುಕೂಲವಾಗುವಂತೆ ಪ್ರತ್ಯೇಕ ಭಾಗ ಮಾಡಿಕೊಟ್ಟರು. ಸರದಿಯಲ್ಲಿ ಸಹಾಯಕರು ಇರುತ್ತಿದ್ದರು. ಕಿಟಕಿಗೆ ಪರದೆ, ಎದುರಿಗೆ ಸ್ಕ್ರೀನು. ಬೆರಳುಗಳಷ್ಟೇ ಚೂರು ಚೂರು ಅಲುಗುವ ಸ್ಥಿತಿ ಬಂದಾಗಲೂ, ಅದಕ್ಕೆಂದೇ ಹೊಂದಿಸಿದ ಸಾಧನಗಳ ಮೂಲಕ ಆಡುತ್ತಿದ್ದ. ಕೊನೆಯ ಹತ್ತು ವರ್ಷಗಳಲ್ಲಿ ಅವನು ಆಟದೊಳಗೆ ಕಳೆದದ್ದು ಸುಮಾರು 15ರಿಂದ 20 ಸಾವಿರ ಗಂಟೆ. ಒಬ್ಬ ನೌಕರ ಹತ್ತು ವರ್ಷ ಕಚೇರಿಯಲ್ಲಿ ಕಳೆಯುವಷ್ಟು ಹೊತ್ತು! ತಂದೆತಾಯಿಗೆ ಒಂದೇ ದೂರು: ಹಗಲು ಮಲಗುತ್ತಾನೆ, ರಾತ್ರಿ ಎಚ್ಚರವಿರುತ್ತಾನೆ, ಇದೇನು ಕ್ರಮ? ಎಲ್ಲ ಮನೆಗಳಲ್ಲೂ ಕೇಳುವ ದೂರೇ ಅಲ್ಲವೇ?

ಅವನು ಆಡುತ್ತಿದ್ದ ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪೆನಿ ಹೊರತಂದದ್ದು. 2010ರ ವೇಳೆಗೆ ಜಗತ್ತಿನಾದ್ಯಂತ 1.2 ಕೋಟಿ ಮಂದಿ ಹಣ ಕಟ್ಟಿ ಇದನ್ನು ಆಡುತ್ತಿದ್ದರು. ಅಜೆರಾತ್ ಎಂಬ ಕಲ್ಪನೆಯ ಲೋಕ. ಕಾಡು, ಕೋಟೆ, ಪೇಟೆ, ಛತ್ರ ಎಲ್ಲವೂ ಅಲ್ಲಿವೆ. ಆಟಗಾರ ಒಂದು ವೇಷ ಆರಿಸಿಕೊಂಡು ಅದರೊಳಗೆ ಹೋಗಬೇಕು. ಎದುರಿಗೆ ಸಿಗುವ ಬಹುಪಾಲು ವೇಷಗಳ ಹಿಂದೆಯೂ ಎಲ್ಲೋ ಕುಳಿತ ಒಬ್ಬ ನಿಜವಾದ ಮನುಷ್ಯ ಇರುತ್ತಾನೆ. ಕೆಲವರಿಗೆ ಅಲ್ಲಿ ಯುದ್ಧ ಮುಖ್ಯ. ಇನ್ನು ಕೆಲವರಿಗೆ ಪಾತ್ರ ಮುಖ್ಯ. ನಮ್ಮ ಯಕ್ಷಗಾನದಲ್ಲಿ ವೇಷ ಕಟ್ಟಿದವನು ಬೆಳಗಿನ ತನಕ ಆ ಪಾತ್ರವೇ ಆಗಿರುತ್ತಾನಲ್ಲ, ಹಾಗೆ. ಮಾತಾಡುವುದು, ನಗುವುದು, ಮುನಿಸಿಕೊಳ್ಳುವುದು ಎಲ್ಲವನ್ನೂ ಪಾತ್ರವಾಗಿಯೇ ಟೈಪ್ ಮಾಡುತ್ತಾರೆ.

ಮಾಟ್ಸ್ ಕಟ್ಟಿದ ವೇಷದ ಹೆಸರು ಇಬೆಲಿನ್ ರೆಡ್‌ಮೂರ್. ಕುಲೀನ ಮನೆತನದವ, ಗಟ್ಟಿಮುಟ್ಟಾದ ಮೈಕಟ್ಟಿನ ಖಾಸಗಿ ಪತ್ತೇದಾರ. ಯಾರಿಗೆ ಏನು ಕಷ್ಟ ಬಂದರೂ ಅವನ ಬಳಿ ಹೋಗಬಹುದು. ಇನ್ನೊಂದು ಸಂಗತಿ ಕೇಳಿ. ಆಟಕ್ಕೆ ಕುಳಿತ ಕೂಡಲೇ ಇಬೆಲಿನ್ ಮೊದಲು ಮಾಡುತ್ತಿದ್ದ ಕೆಲಸ ಓಡುವುದು. ಯಾರನ್ನೂ ಮಾತಾಡಿಸದೆ, ದಿನವೂ ಸುಮಾರು ಅರ್ಧ ಗಂಟೆ ಓಡುತ್ತಿದ್ದ. ಜೊತೆಗಾರರಿಗೆ ಅದೊಂದು ವಿಚಿತ್ರ ಅಭ್ಯಾಸವಾಗಿ ಕಂಡಿತ್ತು. ಓಡುತ್ತಿದ್ದವನಿಗೆ ನಿಜಜೀವನದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಅವನು ಸೇರಿದ್ದ ತಂಡ ಸ್ಟಾರ್‌ಲೈಟ್. ಸುಮಾರು ಮೂವತ್ತು ಮಂದಿ, ಯುರೋಪಿನ ಬೇರೆ ಬೇರೆ ದೇಶದವರು. ಅವರಲ್ಲಿ ಹಾಲೆಂಡಿನ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಹಿಂದೆ ಬಿದ್ದಳೆಂದು ಅವಳ ಮನೆಯವರು ಕಂಪ್ಯೂಟರ್ ಕಿತ್ತುಕೊಂಡರು. (ನನ್ನ ಹಾಗೆಯೇ!) ಗೆಳೆಯರೆಲ್ಲ ಇದ್ದದ್ದು ಆ ಪೆಟ್ಟಿಗೆಯೊಳಗೆ. ಹುಡುಗಿ ಕುಗ್ಗಿಹೋದಳು. ಆಗ ಮಾಟ್ಸ್ ಅವಳ ತಂದೆತಾಯಿಗೆ ಒಂದು ಪತ್ರ ಬರೆದ. ಅವಳಿಗೆ ಆ ಗೆಳೆತನ ಎಷ್ಟು ಮುಖ್ಯ ಎಂದು ಕಾಣದ ಒಬ್ಬ ಹುಡುಗ ಕಾಣದ ಮನೆಯ ಹಿರಿಯರಿಗೆ ಬರೆದ ಪತ್ರ. ಚಿತ್ರದಲ್ಲಿ ಅವಳು ಅದನ್ನು ನೆನೆಯುವಾಗ ನಾನು ಕಣ್ಣೊರೆಸಿಕೊಂಡೆ, ಮಗಳು ನೋಡದಂತೆ.

ಡೆನ್ಮಾರ್ಕಿನ ಒಬ್ಬ ತಾಯಿಯೂ ತಂಡದಲ್ಲಿದ್ದಳು. ಅವಳ ಮಗನಿಗೆ ಆಟಿಸಂ. ಕೋಣೆ ಬಿಟ್ಟು ಬರುವುದಿಲ್ಲ, ಮೈ ಮುಟ್ಟಿಸಿಕೊಳ್ಳುವುದಿಲ್ಲ. ಸ್ವಂತ ಮಗನನ್ನು ಅಪ್ಪಿಕೊಳ್ಳಲಾಗದ ತಾಯಿಯ ಸಂಕಟ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಮಗನೂ ಇದೇ ಆಟ ಆಡುವವನು. ಆಟದೊಳಗೇ ಅಪ್ಪಿಕೊಳ್ಳಬಹುದಲ್ಲ ಎಂದು ಸೂಚಿಸಿದವನು ಮಾಟ್ಸ್. ವೇಷಗಳು ಪರಸ್ಪರ ಅಪ್ಪಿಕೊಳ್ಳುವ ಸೌಲಭ್ಯ ಅಲ್ಲಿದೆ, ಒಂದು ಪದ ಟೈಪ್ ಮಾಡಿದರೆ ಆಯಿತು. ತಾಯಿ ಮಗ ಹತ್ತಿರವಾದದ್ದು ಆ ದಾರಿಯಿಂದ. ಗಾಲಿಕುರ್ಚಿಯಲ್ಲಿ ಕೂತ ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಈ ಉಪಾಯ ಹೊಳೆಯಿತು. ಎದುರಿಗೆ ಕೂತು ಬುದ್ಧಿ ಹೇಳುವ ನಮ್ಮಂಥವರಿಗೆ ಹೊಳೆಯುತ್ತಿತ್ತೇ?

ಅವನನ್ನು ಸಂತನೆಂದು ತಿಳಿಯಬೇಡಿ. ಚಿತ್ರವೂ ಹಾಗೆ ತೋರಿಸುವುದಿಲ್ಲ. ಅವನೂ ಜಗಳ ಮಾಡಿದ, ಹತ್ತಿರದವರ ಮನಸ್ಸು ನೋಯಿಸಿದ. ತಂಡದವರು ಆಗಾಗ ನಿಜವಾಗಿ ಒಂದೆಡೆ ಸೇರುತ್ತಿದ್ದರು. ಇವನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಕಾಯಿಲೆಯ ವಿಷಯವನ್ನು ವರ್ಷಗಟ್ಟಲೆ ಬಚ್ಚಿಟ್ಟ. ಗೆಳೆಯರು ತನ್ನನ್ನು ನೋಡುವ ನೋಟ ಬದಲಾದೀತೆಂಬ ಭಯ. ಕೊನೆಗೆ, ಸಾಯುವ ಸ್ವಲ್ಪ ಕಾಲ ಮೊದಲು, ಅಂತರ್ಜಾಲದಲ್ಲಿ ಬ್ಲಾಗ್ ಬರೆಯಲು ತೊಡಗಿ ತನ್ನ ಬದುಕಿನ ಸತ್ಯವನ್ನು ಅಲ್ಲಿ ಹೇಳಿಕೊಂಡ.

2014ರ ನವೆಂಬರ್ 18ರಂದು ಮಾಟ್ಸ್ ತೀರಿಕೊಂಡ. ವಯಸ್ಸು 25.

ತಂದೆತಾಯಿಗೆ ಮಗ ಹೋದ ದುಃಖ ಒಂದು. ಅದಕ್ಕಿಂತ ದೊಡ್ಡ ದುಃಖ ಇನ್ನೊಂದಿತ್ತು. ಮಗನಿಗೆ ಗೆಳೆತನದ ಸುಖ ಸಿಗಲಿಲ್ಲ, ಪ್ರೀತಿ ಸಿಗಲಿಲ್ಲ, ಇನ್ನೊಬ್ಬರ ಬಾಳಿಗೆ ತಾನು ಬೇಕಾದವನು ಎಂಬ ತೃಪ್ತಿಯೂ ಸಿಗಲಿಲ್ಲ ಎಂದೇ ಅವರು ನಂಬಿದ್ದರು. ಮಗನ ಬ್ಲಾಗಿನ ಪಾಸ್‌ವರ್ಡ್ ಅವರ ಬಳಿ ಇತ್ತು. ನಾಲ್ಕು ಜನ ಓದುವವರಿದ್ದರೆ ತಿಳಿಯಲಿ ಎಂದು ತಂದೆ ಸಾವಿನ ಸುದ್ದಿ ಬರೆದು, ತಮ್ಮ ಇ-ಮೇಲ್ ವಿಳಾಸ ಹಾಕಿದರು. ಒಂದು ಪತ್ರ ಬಂತು. ಇನ್ನೊಂದು ಬಂತು. ಆಮೇಲೆ ನಿಲ್ಲಲೇ ಇಲ್ಲ. ಇಬೆಲಿನ್ ನನಗೆ ಹೀಗೆ ಸಹಾಯ ಮಾಡಿದ, ಇಬೆಲಿನ್ ನನ್ನ ಮಾತು ಕೇಳಿಸಿಕೊಂಡ ಎಂದು ಪುಟಗಟ್ಟಲೆ ಬರೆದವರು ಯಾರೋ ಅಪರಿಚಿತರು. ಇವರೆಲ್ಲ ಯಾರು, ಇಬೆಲಿನ್ ಎಂದರೆ ಯಾರು ಎಂದು ಹೆತ್ತವರೇ ಕೇಳಿ ತಿಳಿಯಬೇಕಾಯಿತು!

ಅಂತ್ಯಕ್ರಿಯೆಗೆ ಸ್ಟಾರ್‌ಲೈಟ್‌ನ ಐವರು ಬೇರೆ ದೇಶಗಳಿಂದ ಬಂದರು. ಪ್ರಯಾಣದ ಖರ್ಚಿಗೆ ಇಲ್ಲದವರಿಗಾಗಿ ತಂಡದವರು ಹಣ ಕೂಡಿಸಿದ್ದರು. ತಂಡದ ಮುಖಂಡ ಅಲ್ಲಿ ಎದ್ದು ನಿಂತು, ಈ ಹೊತ್ತಿನಲ್ಲಿ ಹಾಲೆಂಡಿನ ಒಂದು ತರಗತಿಯಲ್ಲಿ, ಐರ್ಲೆಂಡಿನ ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಗ್ರಂಥಾಲಯದಲ್ಲಿ ಮಾಟ್ಸ್‌ಗಾಗಿ ಮೇಣದಬತ್ತಿ ಉರಿಯುತ್ತಿದೆ ಎಂದು ತಿಳಿಸಿದ. ಆಟದ ಲೋಕದಲ್ಲಿ ಆಡಿದ ಮಾತುಗಳ ದಾಖಲೆಯೂ ಉಳಿದಿತ್ತು. ಸುಮಾರು 42 ಸಾವಿರ ಪುಟ. ಸಾಕ್ಷ್ಯಚಿತ್ರದವರು ಅದನ್ನೇ ಆಧರಿಸಿ ಇಬೆಲಿನ್‌ನ ದಿನಗಳನ್ನು ಮತ್ತೆ ಚಿತ್ರಿಸಿದ್ದಾರೆ. ಗೆಳೆಯರು ಇಬೆಲಿನ್‌ನ ನೆನಪಿಗೆ ಆಟದೊಳಗೆ ಪ್ರತಿವರ್ಷ ಓಟ ಇಟ್ಟುಕೊಂಡರು.

ರಾತ್ರಿ ಯಾಕೆ ಎಚ್ಚರವಿರುತ್ತಿದ್ದ ಎಂಬುದು ತಂದೆಗೆ ಆಮೇಲೆ ಅರ್ಥವಾಯಿತು. ಗೆಳೆಯರು ಶಾಲೆ, ಕೆಲಸ, ಅಡಿಗೆ ಮುಗಿಸಿ ಬರುವುದೇ ಸಂಜೆಯ ನಂತರ. ಮಲಗು ಎಂದು ತಂದೆ ಹೇಳುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೇ.

ಸಹೋದರಿಯರೇ, ಮೊಬೈಲ್ ಆಟಗಳೆಲ್ಲ ಒಳ್ಳೆಯವು ಎಂದು ನಾನು ಹೇಳುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಲ್ಲಿ ಚಿಕಿತ್ಸಾ ವಿಭಾಗ ತೆರೆದರು. ದುಡ್ಡು ಕಟ್ಟಿ ಆಡುವ ಆಟಗಳು ಮನೆಗಳನ್ನೇ ನುಂಗಿದ ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳ ನಿಷೇಧಕ್ಕೆ ಕಾನೂನನ್ನೂ ಮಾಡಿತು. ಅಪರಿಚಿತರು ಮಕ್ಕಳನ್ನು ಬಲೆಗೆ ಹಾಕುವುದೂ ಸುಳ್ಳಲ್ಲ. ಆದರೆ ಬಸ್ಸು ಓಡಿಸುವ ಹುಡುಗನನ್ನೂ ಜೂಜಾಡುವವನನ್ನೂ ಒಂದೇ ಕೋಲಿನಿಂದ ಅಟ್ಟಿದವಳು ನಾನು. ನಿಜಜೀವನದ ಕೆಲಸವನ್ನೇ ಅನುಕರಿಸುವ ಇಂಥ ಆಟಗಳಿಗೆ ಸಿಮ್ಯುಲೇಶನ್ ಎನ್ನುತ್ತಾರಂತೆ. ವಿಮಾನದ ಪೈಲಟ್‌ಗಳು ಕಲಿಯುವುದೂ ಈ ಬಗೆಯ ಯಂತ್ರದಲ್ಲಿಯೇ. ಮನೆ ಕಟ್ಟಿ ಸಂಸಾರ ನಡೆಸುವ 'ದಿ ಸಿಮ್ಸ್' ಎಂಬ ಆಟ 2000ದಲ್ಲಿ ಬಂತು. ಅದನ್ನು ರೂಪಿಸಿದ ವಿಲ್ ರೈಟ್ ಅವರ ಸ್ವಂತ ಮನೆ 1991ರ ಓಕ್ಲೆಂಡ್ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಪಾತ್ರೆ ಪಗಡಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಒಂದೊಂದಾಗಿ ಕೊಳ್ಳಬೇಕಾಗಿ ಬಂದಾಗ ಅವರಿಗೆ ಆ ಆಟದ ಯೋಚನೆ ಹುಟ್ಟಿತಂತೆ.

ಚಿತ್ರ ಮುಗಿದಾಗ ಹುಡುಗ ಹಿತ್ತಲಿನ ಕಟ್ಟೆ ಮೇಲೆ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ಅಷ್ಟು ದಿನ ಎಷ್ಟು ಹೊತ್ತು ಆಡ್ತೀಯ ಎಂದಷ್ಟೇ ಕೇಳಿದ್ದೆ. ಅಂದು ಬೇರೆ ಕೇಳಿದೆ.

"ಯಾರ ಜೊತೆ ಆಡ್ತಿದ್ದೆ ಬೇಟಾ?"

ತುಂಬ ಹೊತ್ತು ಸುಮ್ಮನಿದ್ದು ಹೇಳಿದ. ಐದನೇ ತರಗತಿಯಿಂದ ಏಳರವರೆಗೆ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಅವನ ಅಬ್ಬಾ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾರೆ, ಹಿಂದಿನ ವರ್ಷ ಮನೆಯವರನ್ನೆಲ್ಲ ಅಲ್ಲಿಗೆ ಕರೆಸಿಕೊಂಡರು. ನಮ್ಮ ಒಂಬತ್ತೂವರೆಗೆ ಅಲ್ಲಿ ಏಳು ಗಂಟೆ. "ಇಬ್ರೂ ಒಟ್ಟಿಗೆ ಬಸ್ ಬಿಡ್ತೀವಿ ಖಾಲಾ. ಅವನು ಮುಂದೆ, ನಾನು ಹಿಂದೆ."

"ಮತ್ತೆ ಈ ನಾಲ್ಕು ದಿನ?"

"ಕಾದಿರ್ತಾನೆ."

"ಒಂದು ಮೆಸೇಜ್ ಹಾಕಬಾರದಿತ್ತಾ?"

"ಖಾಲಾ ಡಿಲೀಟ್ ಮಾಡಿದ್ರು ಅಂತ ಹೇಗೆ ಹಾಕೋದು?" ಎಂದು ತಲೆ ತಗ್ಗಿಸಿದ. ನನ್ನ ಮರ್ಯಾದೆ ಉಳಿಸಲು ಆ ಮಗು ಗೆಳೆಯನನ್ನು ಕಾಯಿಸಿತ್ತು.

ಅಂದು ರಾತ್ರಿ ನಾನೇ ಕೂತು ಆಟವನ್ನು ಮತ್ತೆ ಹಾಕಿಸಿದೆ. ನಮ್ಮ ಮನೆಯ ನೆಟ್‌ವರ್ಕಿನಲ್ಲಿ ಅದು ಇಳಿಯುವಷ್ಟರಲ್ಲಿ ಒಂದು ಪಾತ್ರೆ ಅಕ್ಕಿ ಆರಿಸಿ ಮುಗಿದಿತ್ತು. ಇಂಡೋನೇಷ್ಯಾದವರು ಮಾಡಿದ ಆಟವಂತೆ, ರಸ್ತೆಗಳೂ ಆ ದೇಶದವೇ. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. ನಮ್ಮ ರಾಜ್ಯದ ಹುಡುಗರು ಅದರೊಳಗಿನ ಬಸ್ಸಿಗೆ ನಮ್ಮ ಸರಕಾರಿ ಬಸ್ಸಿನ ಬಣ್ಣ ಬಳಿದುಕೊಂಡಿದ್ದಾರೆ. ಕಾಣದ ದೇಶದ ತೆಂಗಿನ ಸಾಲಿನ ನಡುವೆ ನಮ್ಮ ಕೆಂಪು ಬಸ್ಸು! ಒಂಬತ್ತೂವರೆಗೆ ಹುಡುಗ ಗಾಡಿ ಹೊರಡಿಸಿದ. ಸ್ವಲ್ಪ ಮುಂದೆ ರಸ್ತೆ ಬದಿಯಲ್ಲಿ ಇನ್ನೊಂದು ಕೆಂಪು ಬಸ್ಸು ನಿಂತಿತ್ತು.

"ಬಂದಿದ್ದಾನೆ" ಎಂದ, ಮೆಲ್ಲಗೆ.

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಸರಿದೆ. ನನಗೂ ಒಂದು ಟಿಕೆಟ್ ಕೊಡಪ್ಪ ಎಂದೆ. ಎಷ್ಟೋ ದಿನಗಳ ಮೇಲೆ ಹುಡುಗ ನಕ್ಕ.

"ಕೆಂಪು ಬಸ್ಸಲ್ವಾ ಖಾಲಾ, ನಿಮಗೆ ಫ್ರೀ. ಆಧಾರ್ ಕಾರ್ಡ್ ತೋರ್ಸಿ ಸಾಕು."