ನಲವತ್ತೆಂಟು ಬಣ್ಣ ಯಾರಿಗೆ ಬೇಕು?

ನನ್ನ ನಾದಿನಿಯ ಮದುವೆ ಆಲ್ಬಂ ತೆಗೆದು ನೋಡಿ, ಆರತಕ್ಷತೆಯ ಒಂದು ಫೋಟೊದಲ್ಲೂ ನಾನಿಲ್ಲ. 'ಸ್ವಂತ ಅತ್ತಿಗೇನೇ ಇಲ್ವಲ್ಲ, ಎಲ್ಲಿ ಹೋಗಿದ್ರಿ?' ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ನಾನು ಎಲ್ಲೂ ಹೋಗಿರಲಿಲ್ಲ. ಛತ್ರದ ಹಿಂದಿನ ಕೋಣೆಯಲ್ಲಿ ಎರಡೂ ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದೆ. ಕಾರಣ, ಹಿಂದಿನ ವಾರ ಪೇಟೆಯಲ್ಲಿ ಚೌಕಾಸಿ ಮಾಡಿ 150 ರೂಪಾಯಿಗೆ ತಂದಿದ್ದ 48 ಬಣ್ಣದ ಐ ಶ್ಯಾಡೊ ಡಬ್ಬಿ! ಹಚ್ಚಿಕೊಂಡ ಅರ್ಧ ಗಂಟೆಗೆ ತುರಿಕೆ ಶುರುವಾಯಿತು. ಒಂದು ಗಂಟೆಗೆ ರೆಪ್ಪೆಗಳು ಊದಿಕೊಂಡು ಕಣ್ಣು ಬಿಡುವುದೇ ಕಷ್ಟವಾಯಿತು.

ಮರುದಿನ ಕಣ್ಣಿನ ಡಾಕ್ಟರ್ ಆ ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. 'ಇದನ್ನ ಮಾಡಿದವರು ಯಾರಮ್ಮ?' ನನಗೇನು ಗೊತ್ತು? ಡಬ್ಬಿಯ ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ನಾವು, ಕಣ್ಣಿಗೆ ಹಚ್ಚುವ ವಸ್ತುವನ್ನು ಕಣ್ಣುಮುಚ್ಚಿ ತರುತ್ತೇವಲ್ಲ ಅಂತ ಅವತ್ತು ನಾಚಿಕೆಯಾಯಿತು.

ಇನ್ನೊಂದು ಮಾತೂ ಹೊಳೆಯಿತು. ಅದೇ ಮದುವೆಗೆ ಮಗಳ ಲಂಗ-ದಾವಣಿಗೆ ಎರಡು ಸಾವಿರ ಕೊಟ್ಟಿದ್ದೆ, ಯೋಚಿಸಿರಲಿಲ್ಲ. 'ನನಗೆ' ಅಂದ ತಕ್ಷಣ ಮಾತ್ರ 'ಅಯ್ಯೋ, ಯಾವುದೋ ಒಂದು ಸಾಕು' ಎನ್ನುವ ಮನಸ್ಸು! ನಮ್ಮಲ್ಲಿ ಬಹಳ ಜನರದ್ದು ಇದೇ ಕಥೆ, ಅಲ್ವಾ? ನನ್ನ ಅಭಿಪ್ರಾಯ ಕೇಳಿದರೆ, ಐ ಶ್ಯಾಡೊ ಬೇಡವೆಂದರೆ ಕೊಳ್ಳಲೇಬೇಡಿ, ಅದೇನೂ ಉಪ್ಪು-ಬೇಳೆಯಲ್ಲ. ಕೊಳ್ಳುವುದಾದರೆ ಮಾತ್ರ ಕಡಿಮೆ ಬಣ್ಣ ಇರುವ, ಹೆಸರು-ವಿಳಾಸ ಇರುವ, ನಿಮ್ಮ ಕೈಗೆ ಒಗ್ಗುವ ಒಂದು ಪ್ಯಾಲೆಟ್ ಕೊಳ್ಳಿ.

ಮೊದಲು ನಿಮ್ಮ ಕೈ ನೋಡಿಕೊಳ್ಳಿ

ದುಡ್ಡಿನ ಲೆಕ್ಕ ಆಮೇಲೆ. ನಿಮಗೆ ಹಚ್ಚಲು ಎಷ್ಟು ಬರುತ್ತದೆ ಎನ್ನುವುದು ಮೊದಲು.

ಇದುವರೆಗೆ ಕಾಡಿಗೆ ಬಿಟ್ಟರೆ ಬೇರೇನೂ ಹಚ್ಚಿಲ್ಲ ಅನ್ನುವವರಿಗೆ ನಾಲ್ಕು ಬಣ್ಣದ ಪುಟ್ಟ ಪ್ಯಾಲೆಟ್ ಸಾಕೇ ಸಾಕು. ಅದರಲ್ಲಿ ನಿಮ್ಮ ಮೈಬಣ್ಣಕ್ಕೆ ಹತ್ತಿರದ್ದೊಂದು, ಅದಕ್ಕಿಂತ ಸ್ವಲ್ಪ ಗಾಢವಾದ ಕಂದು ಬಣ್ಣ, ಕಾಫಿ ಪುಡಿಯಂಥ ಕಡುಗಂದು, ಜೊತೆಗೆ ಹೊಳೆಯುವ ತಾಮ್ರದ್ದೋ ಚಿನ್ನದ್ದೋ ಬಣ್ಣ ಇರಲಿ. ತೆಳುಗಂದನ್ನು ರೆಪ್ಪೆಯ ಮಡಿಕೆಗೆ ಸವರಿ, ಹೊಳಪಿನದನ್ನು ಉಂಗುರ ಬೆರಳಿನಿಂದ ರೆಪ್ಪೆಯ ಮಧ್ಯಕ್ಕೆ ಮೆಲ್ಲಗೆ ಒತ್ತಿ, ಮೇಲೆ ಕಾಡಿಗೆ ಎಳೆದರೆ ಐದು ನಿಮಿಷದಲ್ಲಿ ಮುಗಿಯಿತು. ಬ್ರಶ್ ಹಿಡಿದರೆ ಕೈ ನಡುಗುತ್ತದೆ ಅನ್ನುವವರಿಗೆ ಪೆನ್ಸಿಲಿನಂತೆ ಗೀಚಿ ಬೆರಳಲ್ಲಿ ಹರಡುವ ಸ್ಟಿಕ್ ಇನ್ನೂ ಸುಲಭ.

ಒಂದಿಷ್ಟು ಅಭ್ಯಾಸ ಇದೆ, ಎರಡು ಬಣ್ಣ ಬೆರೆಸಲು ಬರುತ್ತದೆ ಎನ್ನುವವರು ಒಂಬತ್ತರಿಂದ ಹನ್ನೆರಡು ಬಣ್ಣದ್ದಕ್ಕೆ ಹೋಗಬಹುದು. ಅರ್ಧಕ್ಕಿಂತ ಹೆಚ್ಚು ಮ್ಯಾಟ್ ಇರಲಿ, ಅಂದರೆ ಹೊಳಪಿಲ್ಲದ ಬಣ್ಣಗಳು. ಎಲ್ಲವೂ ಮಿರಿಮಿರಿ ಮಿಂಚುವ ಡಬ್ಬಿ ಅಂಗಡಿಯ ಲೈಟಿನಲ್ಲಿ ಚೆಂದ ಕಾಣುತ್ತದೆ ನಿಜ. ಆದರೆ ಕಣ್ಣಿಗೆ ಆಕಾರ ಕೊಡುವುದು ಮ್ಯಾಟ್, ಶಿಮ್ಮರ್ ಬರೀ ಒಗ್ಗರಣೆ. ಒಗ್ಗರಣೆಯನ್ನೇ ಊಟ ಮಾಡಲು ಆಗುತ್ತಾ?

ಹದಿನೆಂಟು ಬಣ್ಣದಾಚೆಗಿನ ದೊಡ್ಡ ಪ್ಯಾಲೆಟ್‌ಗಳು ಬ್ಯೂಟಿಪಾರ್ಲರ್ ನಡೆಸುವವರಿಗೆ, ಮದುಮಗಳ ಮೇಕಪ್ ಮಾಡುವವರಿಗೆ. ಮನೆಯಲ್ಲಿ ಅವು ನವರಾತ್ರಿಯ ಗೊಂಬೆಗಳ ಹಾಗೆ. ವರ್ಷಕ್ಕೊಮ್ಮೆ ತೆಗೆದು ಒರೆಸಿ ಮತ್ತೆ ಒಳಗಿಡುವುದು!

ಪರ್ಸಿಗೆ ತಕ್ಕಂತೆ

ಐನೂರರೊಳಗೆ: ಈ ದುಡ್ಡಿಗೆ ಒಳ್ಳೆಯದು ಸಿಗೋದೇ ಇಲ್ಲ ಅನ್ನುವ ಕಾಲ ಹೋಯಿತು. ಸ್ವಿಸ್ ಬ್ಯೂಟಿ, ಮಾರ್ಸ್, ಇನ್‌ಸೈಟ್‌ನಂಥ ಹೆಸರಿನವು ಈಗ ಸಣ್ಣ ಊರಿನ ಫ್ಯಾನ್ಸಿ ಸ್ಟೋರ್‌ನಲ್ಲೂ ಸಿಗುತ್ತವೆ. (ಹೆಸರು ನೋಡಿ ಮೊದಲನೆಯದು ಸ್ವಿಟ್ಜರ್ಲೆಂಡಿನದು ಅಂದುಕೊಳ್ಳಬೇಡಿ, ಅದು ನಮ್ಮ ದೇಶದ್ದೇ.) ಈ ದರದಲ್ಲಿ ಶಿಮ್ಮರ್‌ಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ಮ್ಯಾಟ್‌ಗಳು ಮಾತ್ರ ಕೆಲವೊಮ್ಮೆ ಸೀಮೆಸುಣ್ಣದಂತೆ ಒಣಗಿರುತ್ತವೆ. ಟೆಸ್ಟರ್ ಇದ್ದರೆ ಬೆರಳಿಗೆ ತೆಗೆದುಕೊಂಡು ಮುಂಗೈ ಮೇಲೆ ಒಂದೇ ಒಂದು ಗೆರೆ ಎಳೆದು ನೋಡಿ. ಬಣ್ಣ ಸಮನಾಗಿ ಕೂತರೆ ಸರಿ. ಪುಡಿ ಉದುರಿ ತೇಪೆ ತೇಪೆಯಾಗಿ ಕಂಡರೆ ಬಿಟ್ಟುಬಿಡಿ. ಆ ಟೆಸ್ಟರನ್ನು ಕಣ್ಣಿಗೆ ಮಾತ್ರ ಮುಟ್ಟಿಸಬೇಡಿ, ನಿಮಗಿಂತ ಮೊದಲು ಎಷ್ಟು ಜನರ ಬೆರಳು ಅದರಲ್ಲಿ ಮುಳುಗಿದೆಯೋ!

ಐನೂರರಿಂದ ಸಾವಿರದೈನೂರು: ಗೃಹಿಣಿಯರಿಗೆ ಇದೇ ಸರಿಯಾದ ಜಾಗ ಅಂತ ನನ್ನ ಅನಿಸಿಕೆ. 1952ರಲ್ಲಿ ಟಾಟಾದವರು ಶುರು ಮಾಡಿದ, ಈಗ ಹಿಂದೂಸ್ತಾನ್ ಯೂನಿಲಿವರ್ ಬಳಿ ಇರುವ ಲ್ಯಾಕ್ಮೆಯಿಂದ ಹಿಡಿದು ಮೇಬಲೀನ್, ಶುಗರ್, ನೈಕಾ, ಕಲರ್‌ಬಾರ್‌ವರೆಗೆ ಆಯ್ಕೆಗೆ ಬರವಿಲ್ಲ. ಬಣ್ಣ ನುಣುಪಾಗಿ ಹರಡುತ್ತದೆ, ಕಡಿಮೆ ಉದುರುತ್ತದೆ. ಎರಡು ಸಾವಿರ ಇಟ್ಟುಕೊಂಡು ಹೊರಟಿದ್ದರೆ ಅಷ್ಟನ್ನೂ ಪ್ಯಾಲೆಟ್‌ಗೆ ಸುರಿಯಬೇಡಿ. ಸಾವಿರದ್ದು ಪ್ಯಾಲೆಟ್, ಉಳಿದದ್ದರಲ್ಲಿ ಎರಡು ಒಳ್ಳೆಯ ಬ್ರಶ್. ಬಣ್ಣ ಹಚ್ಚಲು ಒಂದು ಚಪ್ಪಟೆಯದು, ಅಂಚನ್ನು ಬೆರೆಸಲು ಒಂದು ತುಪ್ಪುಳಿನಂಥದ್ದು. ಡಬ್ಬಿಯ ಜೊತೆ ಬರುವ ಪುಟ್ಟ ಸ್ಪಂಜಿನ ಕಡ್ಡಿಯಿಂದ ಬಣ್ಣ ಒತ್ತಬಹುದೇ ಹೊರತು ಹದವಾಗಿ ಬೆರೆಸಲು ಆಗದು.

ಎರಡು ಸಾವಿರದ ಮೇಲೆ: ಮ್ಯಾಕ್, ಬಾಬಿ ಬ್ರೌನ್, ಹುಡಾ ಬ್ಯೂಟಿಯಂಥವು. ಚೆನ್ನಾಗಿವೆ, ಸುಳ್ಳು ಹೇಳಲಾರೆ. ಆದರೆ ಲೆಕ್ಕ ಹಾಕಿ. ನಾಲ್ಕು ಸಾವಿರದ ಪ್ಯಾಲೆಟ್ ತಂದು ಎರಡು ವರ್ಷದಲ್ಲಿ ಹತ್ತು ಫಂಕ್ಷನ್‌ಗೆ ಬಳಸಿದರೆ ಒಂದು ಸಲಕ್ಕೆ 400 ರೂಪಾಯಿ. ಆರುನೂರರದ್ದನ್ನು ವಾರಕ್ಕೊಮ್ಮೆ ಹಚ್ಚಿದರೆ ಎರಡು ವರ್ಷದಲ್ಲಿ ಒಂದು ಸಲಕ್ಕೆ ಆರು ರೂಪಾಯಿಯೂ ಬೀಳದು. ದುಬಾರಿ ಬ್ರಾಂಡಿನ ಆಸೆ ಇದ್ದೇ ಇದ್ದರೆ ತಾಮ್ರದ್ದೋ ಕಂಚಿನದ್ದೋ ಒಂಟಿ ಶೇಡ್ ಒಂದನ್ನು ಕೊಳ್ಳಿ, ಮಿಕ್ಕದ್ದನ್ನು ನಿಮ್ಮ ಕಡಿಮೆ ಬೆಲೆಯ ಪ್ಯಾಲೆಟ್ ನಿಭಾಯಿಸುತ್ತದೆ.

ಹಾಗಂತ 'ಅದೇ ಬ್ರಾಂಡು, ಕಾಲು ಬೆಲೆ' ಎನ್ನುವ ಜಾಹೀರಾತಿಗೆ ಮರುಳಾಗಬೇಡಿ. 2018ರ ವರದಿಯೊಂದರ ಪ್ರಕಾರ, ಅಮೆರಿಕದ ಸರ್ಕಾರಿ ಲೆಕ್ಕ ತಪಾಸಣಾ ಸಂಸ್ಥೆ ಆನ್‌ಲೈನ್ ಮಾರಾಟಗಾರರಿಂದ ಹೆಸರಾಂತ ಬ್ರಾಂಡುಗಳ 47 ವಸ್ತು ತರಿಸಿ ಪರೀಕ್ಷಿಸಿದಾಗ 20 ನಕಲಿ ಎಂದು ತಿಳಿಯಿತು. ಅವುಗಳಲ್ಲಿ ಮೇಕಪ್ ಸಾಮಾನೂ ಇತ್ತು. ಅಲ್ಲಿಯೇ ಹಾಗಾದರೆ ಇಲ್ಲಿನ ಮಾತೇನು?

ಸೀರೆಗೆ ಮ್ಯಾಚಿಂಗ್ ಬೇಡ

ನವಿಲು ಹಸಿರು ಸೀರೆಗೆ ಹಸಿರು ರೆಪ್ಪೆ, ನೇರಳೆ ಸೀರೆಗೆ ನೇರಳೆ ರೆಪ್ಪೆ! ಬಳೆ, ಬಿಂದಿಗೆ ಮ್ಯಾಚಿಂಗ್ ಸರಿ, ರೆಪ್ಪೆಗೂ ಯಾಕೆ? ಸೀರೆಯ ಅಂಚಿನಲ್ಲಿ ಜರಿ ಇರುತ್ತದಲ್ಲ, ಆ ಜರಿಯ ಬಣ್ಣ ತೆಗೆದುಕೊಳ್ಳಿ. ಚಿನ್ನ, ಕಂಚು, ತಾಮ್ರ ಮೈಸೂರು ಸಿಲ್ಕಿಗೂ ಸೈ, ಇಳಕಲ್ ಸೀರೆಗೂ ಸೈ. ನಮ್ಮ ಗೋಧಿ, ಕಂದು ಮೈಬಣ್ಣಗಳಿಗೆ ಇಟ್ಟಿಗೆ ಕೆಂಪು, ಮರೂನ್, ದಾಲ್ಚಿನ್ನಿ, ನೇರಳೆಹಣ್ಣಿನ ಬಣ್ಣಗಳು ಬಹಳ ಒಪ್ಪುತ್ತವೆ. ಬಿಳಿ ಬೆರೆತ ತೆಳು ಗುಲಾಬಿ, ತೆಳು ನೀಲಿಗಳು ಮಾತ್ರ ಬೂದಿ ಬಳಿದಂತೆ ಕಾಣುತ್ತವೆ. ತಪ್ಪು ನಮ್ಮ ಮೈಬಣ್ಣದ್ದಲ್ಲ, ಆರಿಸಿದ ಶೇಡಿನದು.

ನಲವತ್ತು ದಾಟಿದವರ ರೆಪ್ಪೆಯಲ್ಲಿ ಸಣ್ಣ ಗೆರೆಗಳು ಮೂಡಿರುತ್ತವೆ. ಹೊಳಪಿನ ಪುಡಿ ಆ ಗೆರೆಗಳನ್ನೇ ಎತ್ತಿ ತೋರಿಸುತ್ತದೆ. ಅಂಥವರಿಗೆ ಮ್ಯಾಟ್, ಇಲ್ಲವೇ ರೇಷ್ಮೆಯಷ್ಟೇ ಮಿನುಗುವ ಸ್ಯಾಟಿನ್ ಒಳ್ಳೆಯದು. ಪ್ಲಸ್ ಪವರಿನ ಕನ್ನಡಕ ಕಣ್ಣನ್ನು ದೊಡ್ಡದಾಗಿ ತೋರಿಸುವುದರಿಂದ ಬಣ್ಣ ಹದವಾಗಿರಲಿ. ಮೈನಸ್ ಪವರಿನದು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ, ಅವರು ತಿಳಿ ಹೊಳಪು ಹಚ್ಚಬಹುದು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಪುಡಿಯ ಬಣ್ಣ ಬೆವರಿಗೆ ಇಳಿಯುತ್ತದೆ. ಅಲ್ಲಿಯವರಿಗೆ ನೀರಿಗೆ ಕರಗದ ಸ್ಟಿಕ್ಕೇ ವಾಸಿ.

ಡಬ್ಬಿಯ ಬೆನ್ನು ಓದಿ

ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳಿಗೆಂದೇ 2020ರ ನಿಯಮಗಳಿವೆ. ಅದರಂತೆ ತಯಾರಕರ ಹೆಸರು-ವಿಳಾಸ, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕೆಂಬ ತಾರೀಕು, ತಯಾರಿಕಾ ಲೈಸೆನ್ಸ್ ನಂಬರ್ ಇರಬೇಕು. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ವಿಳಾಸವೇ ಇಲ್ಲದ ಡಬ್ಬಿಯಲ್ಲಿ ಈ ನಿಯಮ ಪಾಲಿಸಿದ್ದಾರೋ ಇಲ್ಲವೋ ಕೇಳೋದು ಯಾರನ್ನ?

ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರವೂ ಕೆಲವದರ ಮೇಲೆ ಇರುತ್ತದೆ. ಅದರೊಳಗೆ 12 ಎಂ ಅಂತ ಇದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು, 24 ಎಂ ಅಂದರೆ ಎರಡು ವರ್ಷ. ಬಿಚ್ಚಿದ ದಿನವೇ ಪೆನ್ನಿನಲ್ಲಿ ತಾರೀಕು ಬರೆದಿಡಿ, ಉಪ್ಪಿನಕಾಯಿ ಜಾಡಿಯ ಮೇಲೆ ಬರೆಯುವುದಿಲ್ಲವೇ, ಹಾಗೆ.

ಇವನ್ನು ಮರೆಯಬೇಡಿ

* ಹೊಸದು ತಂದರೆ ಫಂಕ್ಷನ್ ದಿನವೇ ಪ್ರಯೋಗ ಬೇಡ. ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಭಾಗಕ್ಕೋ ಹಚ್ಚಿ ಎರಡು ದಿನ ಬಿಟ್ಟು ನೋಡಿ. ನಾನು ಇಷ್ಟು ಮಾಡಿದ್ದರೆ ಆಲ್ಬಂನಲ್ಲಿ ಇರುತ್ತಿದ್ದೆ.
* ಛತ್ರದ ಕೋಣೆಯಲ್ಲಿ ಒಂದೇ ಪ್ಯಾಲೆಟ್, ಒಂದೇ ಬ್ರಶ್ ಹತ್ತು ಜನರ ಕಣ್ಣು ಸುತ್ತುತ್ತದೆ. ಒಬ್ಬರಿಗೆ ಮದ್ರಾಸ್ ಐ ಇದ್ದರೂ ಸಾಕು, ಬೀಗರ ಮನೆಗೂ ತಲುಪುತ್ತದೆ. 'ಬೇಜಾರು ಮಾಡ್ಕೋಬೇಡಿ, ಕಣ್ಣಿನದು ಕೊಡಲ್ಲ' ಅಂತ ನಗುತ್ತಲೇ ಹೇಳಿ.
* ಮಕ್ಕಳ ಕ್ರಾಫ್ಟ್ ಕೆಲಸದ ಗ್ಲಿಟರ್ ಕಣ್ಣಿಗೆ ಖಂಡಿತ ಬೇಡ. ಅದರ ಚೂಪು ಚೂರುಗಳು ಕಣ್ಣಿನ ಪಾರದರ್ಶಕ ಪಟಲವನ್ನು ಗೀರಬಲ್ಲವು.
* ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ಹಾಕಿದ ಮೇಲೆ ಮೇಕಪ್ ಮಾಡಿಕೊಳ್ಳಿ, ರಾತ್ರಿ ಲೆನ್ಸ್ ತೆಗೆದ ಮೇಲೆ ಮೇಕಪ್ ಅಳಿಸಿ.
* ಎಷ್ಟೇ ಸುಸ್ತಾಗಿರಲಿ, ಹಚ್ಚಿಕೊಂಡೇ ಮಲಗಬೇಡಿ. ಹತ್ತಿಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಕಣ್ಣು ಮುಚ್ಚಿ ಮೆಲ್ಲಗೆ ಒರೆಸಿ, ಆಮೇಲೆ ಮುಖ ತೊಳೆಯಿರಿ.
* ಉರಿ, ನೀರು ಸೋರುವುದು, ಊತ ಕಂಡರೆ ತಕ್ಷಣ ತಣ್ಣೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

'ಈ ವಯಸ್ಸಲ್ಲಿ ಇದೆಲ್ಲ ಬೇಕಾ?' ಅಂತ ಕೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮನೆಯಲ್ಲಿ ಅತ್ತೆ ಕೇಳಿದ್ದರು. ಮೊನ್ನೆ ಗೃಹಪ್ರವೇಶವೊಂದಕ್ಕೆ ಹೊರಟಾಗ ನನ್ನ ನಾಲ್ಕು ಬಣ್ಣದ ಪುಟ್ಟ ಪ್ಯಾಲೆಟ್ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ಕಂಚಿನ ಬಣ್ಣ ಹಚ್ಚಿಕೊಂಡೆ. ಹಿಂದೆ ನಿಂತು ನೋಡುತ್ತಿದ್ದ ಅವರು, 'ಆಗ ಕಣ್ಣು ಹಾಳು ಮಾಡ್ಕೊಂಡಿದ್ದು ಇದೇನಾ?' ಅಂದರು. 'ಅಲ್ಲ ಅತ್ತೆ, ಇದರ ಮೇಲೆ ವಿಳಾಸ ಇದೆ' ಅಂದೆ. ಕನ್ನಡಕ ಹಾಕಿಕೊಂಡು ಡಬ್ಬಿಯ ಬೆನ್ನನ್ನು ಪೂರ್ತಿ ಓದಿದರು. 'ಸರಿ, ಹಚ್ಕೋ. ಫೋಟೊದಲ್ಲಿ ಮುಂದೆ ನಿಂತ್ಕೋ' ಅಂದರು.

ಈ ಸಲ ನಿಂತೆ.